ಅಂಬ್ರೋಸ್ ಟುಲೆಟ್‌ನ ಅಪ್ಪ

ಅಪ್ಪನ ಹೆಸರಿದ್ದ ಜಾಗವನ್ನು ಹುಳ ತಿಂದಿತ್ತು; ಅದರಲ್ಲಿ ತನ್ನ ತಪ್ಪೇನೂ ಇಲ್ಲವೆಂದು ಜುವಾಕಿಂ ಗುರುವಾರ ಬೆಳಿಗ್ಗೆ ದುಬೈಯ ಮಿರ್ದಿಫ್‌ನ ಬಸ್ ಸ್ಟಾಪಿನಲ್ಲಿ ನಿಂತು ಇನ್ನೊಮ್ಮೆ ತೀರ್ಮಾನಿಸಿದ. 1631ನೇ ಇಸವಿಯ ಇಂಗ್ಲಿಷ್ ದಾಖಲೆ ಪುಸ್ತಕದ ಒಂದು ಪುಟ. ಅದರ ಫೋಟೊ ಅವನ ಫೋನಿನಲ್ಲಿತ್ತು. ಅಂಬ್ರೋಸ್ ಎಂಬ ಹುಡುಗ, ಇಂಥ ಟುಲೆಟ್‌ನ ಮಗ, ಬೆಳ್ಳಿ ಕೆಲಸ ಕಲಿಯಲು ಒಂಬತ್ತು ವರ್ಷದ ಕರಾರಿನ ಮೇಲೆ ಸೇರಿದ್ದಾನೆ ಎಂದು ಬರೆದಿತ್ತು. ಆ ಇಂಥ ಎಂಬಲ್ಲಿ ನೆಲಗಡಲೆಯಷ್ಟು ದೊಡ್ಡ ತೂತು. ಹುಳ ಎರಡು ಇಂಚು ಆಚೆ ತಿಂದಿದ್ದರೆ ಯಾವುದೋ ತಾರೀಕು ಹೋಗುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ನಾನೂರು ವರ್ಷದ ಹಿಂದೆ ತಿಂದು ಸತ್ತುಹೋದ ಹುಳದ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತು. ಅಷ್ಟರಲ್ಲಿ ಬಸ್ಸು ಬಂದು, ಅವನು ಹತ್ತದೆ, ಹೋಗಿಯೂ ಬಿಟ್ಟಿತು.

ಜುವಾಕಿಂಗೆ ಐವತ್ತೇಳು. ಬರ್ ದುಬೈಯಲ್ಲಿ ಮಿಸೆಸ್ ಹಾಲ್ಡೇನ್ ಎಂಬ ಇಂಗ್ಲಿಷ್ ಹೆಂಗಸು ನಡೆಸುವ ಹಳೆ ಬೆಳ್ಳಿಯ ವ್ಯಾಪಾರದಲ್ಲಿ ಅವನು ಒಂದೂವರೆ ವರ್ಷದಿಂದ ಕೆಲಸಕ್ಕಿದ್ದ. ಆಕೆ ಮುನ್ನೂರು ನಾನೂರು ವರ್ಷ ಹಳೆಯ ಬೆಳ್ಳಿಯ ಪಾನಪಾತ್ರೆ, ತಟ್ಟೆ, ಉಪ್ಪಿನ ಬಟ್ಟಲುಗಳನ್ನು ತರಿಸಿ ಇಲ್ಲಿನ ಅನುಕೂಲಸ್ಥರಿಗೆ ಮಾರುತ್ತಿದ್ದಳು. ಬರೀ ಬೆಳ್ಳಿಯನ್ನು ಅವರು ಕೊಳ್ಳುವುದಿಲ್ಲ, ಜೊತೆಗೆ ಕತೆ ಬೇಕು. ಮಾಡಿದವನು ಯಾರು, ಯಾರ ಮಗ, ಯಾರನ್ನು ಮದುವೆಯಾದ, ಮಕ್ಕಳೆಷ್ಟು ಎಂಬುದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುವ ಇಗರ್ಜಿಯ ದಾಖಲೆಗಳಿಂದ ಹುಡುಕಿ ಎರಡು ಪುಟ ಮಾಡಿ ಕೊಡುವುದು ಜುವಾಕಿಂನ ಕೆಲಸ. ಅದಕ್ಕೆ ಮೊದಲು ಹದಿನೇಳು ವರ್ಷ ಅವನು ಮದೀನತ್ ಜಾಯೆದ್‌ನಲ್ಲಿ, ತೈಲದ ಕಂಪೆನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದ, ದುಬೈಯ ಮನೆಗೆ ಬರುವುದು ವಾರಾಂತ್ಯಕ್ಕೆ ಮಾತ್ರ. ಮರಳಿನ ನಡುವೆ ಒಂದು ಪೋರ್ಟಾ ಕ್ಯಾಬಿನ್, ಅದರೊಳಗೆ ಸಾವಿರಾರು ನಕ್ಷೆಗಳು. ಪ್ರತಿ ನಕ್ಷೆಗೂ ಒಂದು ನಂಬರು, ಕೆಳಗೆ ಮೂರು ಚೌಕ: ತಯಾರಿಸಿದವರು, ಪರಿಶೀಲಿಸಿದವರು, ಒಪ್ಪಿದವರು. ಏನಾದರೂ ಸ್ಫೋಟವಾದರೆ ಮೊದಲ ಚೌಕದಲ್ಲಿದ್ದವನನ್ನು ಕರೆಯುತ್ತಾರೆ, ಮೂರನೆಯ ಚೌಕದಲ್ಲಿದ್ದವನು ರಜೆಯ ಮೇಲಿರುತ್ತಾನೆ. ಈ ಮೂರು ಚೌಕದ ನಮೂನೆಯನ್ನು ಬೆಳ್ಳಿಯ ಅಂಗಡಿಗೂ ತಂದವನು ಜುವಾಕಿಂನೇ. ಮೇಡಂಗೆ ಅದು ಬಹಳ ಹಿಡಿಸಿತ್ತು. ಅವನು ಹೇಳಿದ್ದನ್ನು ಟೈಪ್ ಮಾಡುವ ಹಸೀನ ತಯಾರಿಸಿದವಳು, ಅವನು ಪರಿಶೀಲಿಸಿದವನು, ಮೇಡಂ ಒಪ್ಪಿದವಳು. ಹಾಗೆ ಅಂಬ್ರೋಸ್ ಟುಲೆಟ್‌ನ ಹಾಳೆಯಲ್ಲಿಯೂ ಮೊದಲ ಚೌಕದಲ್ಲಿ ಹಸೀನಳ ಸಹಿಯಿತ್ತು.

ಎರಡನೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಫೋನು ಎರಡು ಸಲ ಅಲುಗಿತು. ಆಫೀಸಿನ ವೀಸಾ ಕಾಗದಪತ್ರ ನೋಡಿಕೊಳ್ಳುವ ತಿಲಕ್‌ನ ಮೆಸೇಜು: ಹಸೀನಳ ಮಗಳ ಎಮಿರೇಟ್ಸ್ ಐಡಿಯ ಕಾಪಿ ನಿಮ್ಮ ಹತ್ತಿರ ಉಂಟಾ, ನಾಲ್ಕು ಗಂಟೆಗೆ ಟೈಪಿಂಗ್ ಸೆಂಟರಿಗೆ ಹೋಗಬೇಕು. ವೀಸಾದ ಸರಕಾರಿ ಅರ್ಜಿಗಳನ್ನು ಹಾಕುವುದು ಅಲ್ಲಿ; ಹಸೀನಳನ್ನು ಕೆಲಸದಿಂದ ತೆಗೆಯುತ್ತಿದ್ದಾರೆ ಎಂಬ ಇದರ ಅರ್ಥ ಜುವಾಕಿಂಗೆ ಗೊತ್ತಿತ್ತು. ತಾಯಿಯ ವೀಸಾದ ಮೇಲೆ ಮಗು ಇದ್ದರೆ ಮೊದಲು ಮಗುವಿನದು ರದ್ದಾಗಬೇಕು, ಆಮೇಲೆ ತಾಯಿಯದು. ಹಸೀನ ಉಳ್ಳಾಲದವಳು, ಗಂಡ ಜಂಶೀರ್ ಸೌದಿಯ ದಮಾಮ್‌ನಲ್ಲಿ ಎಂಟು ಜನರ ಒಂದು ಕೋಣೆಯಲ್ಲಿದ್ದ, ಒಂಬತ್ತು ವರ್ಷದ ಮಗಳು ಮೆಹರುನ್ನಿಸ ಅವಳೊಂದಿಗೆ ಇಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದಳು, ಮಾರ್ಚಿನಲ್ಲಿ ಪರೀಕ್ಷೆ. ಈಗ ಜನವರಿ. ಬುಧವಾರ ಮೇಡಂ ಹಸೀನಳನ್ನು ಒಳಗೆ ಕರೆದು ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಂಡಿದ್ದಳು. ಹೊರಗೆ ಬಂದ ಹಸೀನ ಡಬ್ಬಿ ಬಿಚ್ಚಿ ಊಟ ಮಾಡಿದ್ದಳು. ಏನಾಯಿತೆಂದು ಜುವಾಕಿಂ ಕೇಳಿರಲಿಲ್ಲ. ಊಟ ಮಾಡುವವರನ್ನು ಮಾತಾಡಿಸಬಾರದು ಎಂದುಕೊಂಡಿದ್ದ, ಮತ್ತು ಊಟ ಮುಗಿದ ಮೇಲೆ ಕೆಲಸವಿತ್ತು. ಇವತ್ತು ನಾಲ್ಕು ಗಂಟೆಯೊಳಗೆ ತಾನು ಬಾಯಿ ಬಿಡದಿದ್ದರೆ ಆ ಹೆಂಗಸೂ ಮಗುವೂ ತನ್ನ ದೆಸೆಯಿಂದ ಊರಿಗೆ ಹೋಗುತ್ತಾರೆ. ಇದನ್ನು ಅವನು ತನಗೆ ತಾನೇ ಸ್ಪಷ್ಟವಾಗಿ ಹೇಳಿಕೊಂಡ. ಹೇಳಿಕೊಂಡ ಮೇಲೆ, ಮಗುವಿನ ಐಡಿ ನನ್ನ ಹತ್ತಿರ ಇಲ್ಲ ಎಂದು ತಿಲಕ್‌ಗೆ ಉತ್ತರ ಹಾಕಿದ.

ತಪ್ಪು ಆದದ್ದು ಹೀಗೆ. ಅಂಬ್ರೋಸ್ ಟುಲೆಟ್ ಮಾಡಿದ ಮುಚ್ಚಳದ ಬೆಳ್ಳಿ ಪಾತ್ರೆಯೊಂದು ಬಂದಿತ್ತು, ಅದರ ಹೊಟ್ಟೆಯ ಮೇಲೆ ಯಾವುದೋ ಮನೆತನದ ಲಾಂಛನ ಕೊರೆದಿತ್ತು. ಜುವಾಕಿಂ ಮೂರು ತಿಂಗಳು ಅಂಬ್ರೋಸ್‌ನ ಬೆನ್ನು ಬಿದ್ದ. ಅವನ ಹೆಂಡತಿ ಪೇಷನ್ಸ್, ಆರು ಮಕ್ಕಳು, ನಾಲ್ಕು ಸತ್ತವು, ಒಂದು ಸತ್ತ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಟ್ಟರು. ಎರಡು ಸಲ ಬಾಡಿಗೆ ಮನೆ ಬದಲಾಯಿಸಿದ. ಒಂದು ಸಲ ಬೆಳ್ಳಿಗೆ ತಾಮ್ರ ಬೆರೆಸಿದ್ದಕ್ಕೆ ದಂಡ ಕಟ್ಟಿದ. ಮಿರ್ದಿಫ್‌ನಲ್ಲಿ ಹನ್ನೊಂದು ವರ್ಷದಿಂದ ಪಕ್ಕದ ಮನೆಯಲ್ಲಿರುವವರ ಬಗ್ಗೆ ಅವನಿಗೆ ಇಷ್ಟು ಗೊತ್ತಿರಲಿಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಇಗರ್ಜಿಯಲ್ಲಿ ಕೂತು, ಟುಲೆಟ್‌ನ ನಾಲ್ಕು ಮಕ್ಕಳಿಗೂ ಸೇರಿಸಿ ಪ್ರಾರ್ಥಿಸಿದ. ಅವರು ಪ್ರೊಟೆಸ್ಟೆಂಟರೆಂಬುದು ಪಾರ್ಕಿಂಗಿಗೆ ಬಂದಾಗ ನೆನಪಾಯಿತು. ಉಳಿದದ್ದು ಅಪ್ಪನ ಹೆಸರು ಒಂದೇ. ಆ ಕಾಲಕ್ಕೆ ಆ ಸೀಮೆಯಲ್ಲಿ ಇಬ್ಬರು ಟುಲೆಟ್‌ಗಳಿದ್ದರು: ಜಮೀನು, ಲಾಂಛನ ಎಲ್ಲ ಇದ್ದ ಗಿಡಿಯನ್, ಚರ್ಮ ಹದ ಮಾಡುವ ರಾಬರ್ಟ್. ಅಂಬ್ರೋಸ್‌ನ ಚೊಚ್ಚಲ ಮಗನಿಗೆ ಗಿಡಿಯನ್ ಎಂದು ನಾಮಕರಣವಾಗಿತ್ತು. ಜುವಾಕಿಂಗೆ ಮತ್ತೇನೂ ಬೇಕಾಗಲಿಲ್ಲ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ಅವನ ಊರಿನ ಕ್ರಿಸ್ತುವರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಮೊಮ್ಮಗನ ಹೆಸರು ಗೊತ್ತಾದರೆ ಅಜ್ಜನ ಹೆಸರು ಗೊತ್ತಾದ ಹಾಗೆಯೇ. ಅವನು ಗಿಡಿಯನ್ ಟುಲೆಟ್‌ನ ಮಗ ಎಂದು ಬರೆಸಿದ. ಇರಬಹುದು ಎಂದು ಬರೆಸಲಿಲ್ಲ. ಆಧಾರ ಎಂಬ ಕಾಲಮ್ಮಿಗೆ ಬಂದಾಗ ಹಸೀನ ಕೀಬೋರ್ಡಿನಿಂದ ಕೈ ತೆಗೆದು, ಇದಕ್ಕೆ ಎಂತ ಹಾಕುದು ಸರ್, ಎಂದು ಕೇಳಿದ್ದಳು. ಇಗರ್ಜಿ ದಾಖಲೆ ಅಂತ ಹಾಕು ಎಂದಿದ್ದ. ಪುಟ? ಮೇಲಿನ ಸಾಲಿನದೇ ಹಾಕು ಎಂದಿದ್ದ. ಮೇಲಿನ ಸಾಲಿನಲ್ಲಿ ನಲವತ್ತೊಂದು ಎಂದಿತ್ತು. ಅವಳು ಒಂದು ಕ್ಷಣ ಅವನ ಮುಖ ನೋಡಿ ನಲವತ್ತೊಂದು ಎಂದು ಹೊಡೆದಿದ್ದಳು.

ಅಬುಧಾಬಿಯ ಒಬ್ಬ ಹೃದಯದ ಡಾಕ್ಟರು ಆ ಪಾತ್ರೆಯನ್ನು ಕೊಂಡ. ಮಗನೊಬ್ಬ ತನ್ನ ಅಪ್ಪನಿಗಾಗಿ, ಅಪ್ಪನ ಲಾಂಛನ ಹಾಕಿ ಮಾಡಿದ ಪಾತ್ರೆ ಎಂಬುದು ಅವನ ಮನಸ್ಸಿಗೆ ನಾಟಿತ್ತು. ತನ್ನ ಅಪ್ಪನ ಎಂಬತ್ತನೇ ಹುಟ್ಟುಹಬ್ಬಕ್ಕೆ ಅದನ್ನು ಕೊಟ್ಟು, ಊಟದ ಮೇಜಿನಲ್ಲಿ ಜುವಾಕಿಂ ಬರೆದ ಎರಡು ಪುಟಗಳನ್ನು ಎಲ್ಲರಿಗೂ ಓದಿ ಹೇಳಿದನಂತೆ. ಹೋದ ಸೋಮವಾರ ಇಂಗ್ಲೆಂಡಿನಿಂದ ಮಿಸ್ ಪ್ರೌಟ್ ಎಂಬವಳ ಈಮೇಲು ಮೇಡಂಗೂ ಅವನಿಗೂ ಬಂತು. ನಿವೃತ್ತ ಟೀಚರು, ಟುಲೆಟ್ ಮನೆತನವನ್ನು ಮೂವತ್ತು ವರ್ಷದಿಂದ ಹುಡುಕುತ್ತಿರುವವಳು. ಅಂಗಡಿಯ ವೆಬ್‌ಸೈಟಿನಲ್ಲಿದ್ದ ಎರಡು ಪುಟಗಳನ್ನು ಓದಿದ್ದಳು. ಬಹಳ ವಿನಯದ ಕಾಗದ. ಗಿಡಿಯನ್ ಟುಲೆಟ್ ಮದುವೆಯೇ ಆಗಿರಲಿಲ್ಲ. ಅವನು ಆ ಮಗುವಿನ ಗಾಡ್‌ಫಾದರ್, ನಾಮಕರಣದ ದಿನ ಇಗರ್ಜಿಯಲ್ಲಿ ಮಗುವಿನ ಹೊಣೆ ಹೊತ್ತು ನಿಂತವನು. ಆ ಕಾಲದಲ್ಲಿ ಗಾಡ್‌ಫಾದರ್ ತನ್ನ ಹೆಸರನ್ನೇ ಮಗುವಿಗೆ ಕೊಡುವುದು ಅಲ್ಲಿ ರೂಢಿ. ನಲವತ್ತೊಂದನೇ ಪುಟದಲ್ಲಿ ತಾನು ನೋಡಿದಂತೆ ಹಂದಿಗಳ ತಕರಾರೊಂದು ಮಾತ್ರ ಇದೆ. ತಮ್ಮ ಮೂಲ ಯಾವುದೆಂದು ದಯವಿಟ್ಟು ತಿಳಿಸಬಹುದೇ? ಜುವಾಕಿಂ ಇದನ್ನೆಲ್ಲ ಒಂದೇ ಸಲ ಓದಿದ. ಅವನು ಮತ್ತೆ ಮತ್ತೆ ಓದಿದ್ದು ಕೊನೆಯ ಪ್ಯಾರಾ. ಅಂಬ್ರೋಸ್‌ನ ಅಪ್ಪ ಚರ್ಮದ ರಾಬರ್ಟ್. ಅವನ ಉಯಿಲು ಅವಳಲ್ಲಿದೆ. ಪಟ್ಟಣಕ್ಕೆ ಹೋಗಿ ಮತ್ತೆ ಈ ಕಡೆ ತಲೆ ಹಾಕದ ನನ್ನ ಮಗ ಅಂಬ್ರೋಸ್‌ಗೆ ಏನೂ ಇಲ್ಲ ಎಂದು ಅದರಲ್ಲಿ ಬರೆಸಿದ್ದಾನೆ. ಅಂಬ್ರೋಸ್‌ನ ಮೂವರು ಗಂಡುಮಕ್ಕಳಲ್ಲಿ ಒಬ್ಬನಿಗೂ ರಾಬರ್ಟ್ ಎಂಬ ಹೆಸರಿಲ್ಲವೆಂಬುದನ್ನು ತಾವೂ ಗಮನಿಸಿರಬಹುದು ಎಂದು ಮಿಸ್ ಪ್ರೌಟ್ ಬರೆದಿದ್ದಳು.

ಜುವಾಕಿಂನ ಅಪ್ಪನ ಹೆಸರು ಬೊನಿಫಾಸ್. ಮೂವತ್ತು ವರ್ಷದ ಹಿಂದೆ ಜುವಾಕಿಂನ ಹೆಂಡತಿ ಮಾರ್ಟಿನಾ ತವರಿನಲ್ಲಿ ಹೆತ್ತಾಗ ಗಂಡುಮಗು ಎಂದು ಕೇಳಿದ ಕೂಡಲೇ ಅಪ್ಪ ಮೂಡಬಿದ್ರಿಗೆ ಹೋಗಿ ಒಂದು ಪುಟ್ಟ ಬೆಳ್ಳಿ ಲೋಟ ಕೊಂಡು, ಅದರ ಮೇಲೆ ಬೊನಿಫಾಸ್ ಎಂದು ಕೊರೆಸಿಟ್ಟುಕೊಂಡಿದ್ದ. ಆಗಷ್ಟೇ ಗಲ್ಫಿನಿಂದ ಬಂದಿದ್ದ ಜುವಾಕಿಂಗೆ ಆ ಹೆಸರು ತೀರಾ ಹಳತೆನಿಸಿತು. ನಾಳೆ ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಎಂದು ಅವನೂ ಮಾರ್ಟಿನಾಳೂ ಮಾತಾಡಿಕೊಂಡರು. ಅಪ್ಪನಿಗೆ ಮೊದಲೇ ಹೇಳಬೇಕಿತ್ತು. ಶನಿವಾರ ಹೇಳುವುದೆಂದುಕೊಂಡ, ಶನಿವಾರ ನೆಂಟರಿದ್ದರು. ಭಾನುವಾರ ಬೆಳಿಗ್ಗೆ ಅಪ್ಪ ಕ್ಷೌರ ಮಾಡಿಸಿಕೊಳ್ಳಲು ಹೋಗಿದ್ದ. ಇಗರ್ಜಿಯಲ್ಲಿ ಪಾದ್ರಿ ನೀರು ಹೊಯ್ದು ಕ್ಲೈವ್ ಎಂದಾಗ ಅಪ್ಪ ಮುಂದಿನ ಬೆಂಚಿನಲ್ಲಿ ಹೊಸ ಅಂಗಿ ತೊಟ್ಟು ಕೂತಿದ್ದ. ಊಟಕ್ಕೆ ಕೂತು ಎರಡು ಸಲ ಹಂದಿ ಮಾಂಸ ಹಾಕಿಸಿಕೊಂಡ. ಮುಂದಿನ ವಾರ ಲೋಟವನ್ನು ಪುನಃ ಅಕ್ಕಸಾಲಿಗನಲ್ಲಿಗೆ ಒಯ್ದು ಹೆಸರನ್ನು ತೀಡಿಸಿ ತೆಗೆಸಿ, ಮಗುವಿಗೆ ಅಂತ ಮಾರ್ಟಿನಾಳ ಕೈಗೆ ಕೊಟ್ಟ. ಅಳಿಸಿದ ಹೆಸರಿನ ಮೇಲೆ ಬಾಯಿಯ ಹಬೆ ಬಿಟ್ಟರೆ ಅಕ್ಷರ ಒಂದು ಗಳಿಗೆ ಎದ್ದು ಕಾಣುತ್ತದೆಂದು ಮಿಸೆಸ್ ಹಾಲ್ಡೇನ್ ಕೆಲಸದ ಮೊದಲ ವಾರವೇ ಕಲಿಸಿಕೊಟ್ಟಿದ್ದಳು. ಅವನು ಅಂಗಡಿಯ ಎಲ್ಲ ಬೆಳ್ಳಿಗೂ ಹಬೆ ಬಿಟ್ಟಿದ್ದ. ಊರಿನ ಬ್ಯಾಂಕ್ ಲಾಕರಿನಲ್ಲಿದ್ದ ಲೋಟಕ್ಕೆ ಬಿಟ್ಟಿರಲಿಲ್ಲ. ಕ್ಲೈವ್ ಈಗ ಟೊರಾಂಟೊದಲ್ಲಿದ್ದಾನೆ. ಅವನ ಹೆಸರನ್ನು ಯಾವ ಶಾಲೆಯಲ್ಲೂ ಯಾರೂ ಆಡಿಕೊಳ್ಳಲಿಲ್ಲ, ಆ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯೇ. ಆದರೆ ಸೋಮವಾರ ಆ ಈಮೇಲು ಓದಿದಾಗ ಜುವಾಕಿಂಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ತಾನು ಮೂರು ತಿಂಗಳು ಕೂತು ಒಬ್ಬ ಒಳ್ಳೆಯ ಮಗನನ್ನು ಸುಳ್ಳೇ ತಯಾರಿಸಿದ್ದೆ ಎಂದು ಅವನಿಗೆ ಗೊತ್ತಾಗಿತ್ತು. ಅದನ್ನು ಯಾವ ಬಾಯಲ್ಲಿ ಹೇಳುವುದು? ಮಂಗಳವಾರ ಮೇಡಂ ಅಬುಧಾಬಿಗೆ ಹೋಗಿ ಡಾಕ್ಟರಿಂದ ಪಾತ್ರೆಯನ್ನು ವಾಪಸು ತಂದಳು. ಡಾಕ್ಟರ ಅಪ್ಪ ತಾನೇ ಅದನ್ನು ಟವೆಲಿನಲ್ಲಿ ಸುತ್ತಿ ಕೊಟ್ಟನಂತೆ.

ಆಫೀಸಿಗೆ ಬಂದಾಗ ಹತ್ತಾಗಿತ್ತು. ಹಳೆ ಬಟ್ಟೆ ಅಂಗಡಿಗಳ ಮೇಲಿನ ಎರಡನೆಯ ಮಹಡಿ. ಕಿಟಕಿಯಿಂದ, ಊರೊಳಗೆ ನುಗ್ಗಿ ಬಂದ ಸಮುದ್ರದ ಖಾಡಿಯ ನೀರಿನ ಒಂದು ತುಂಡು, ಅದನ್ನು ದಾಟುವ ಅಬ್ರಾ ದೋಣಿಗಳು ಕಾಣುತ್ತಿದ್ದವು. ಹಸೀನ ಎಂದಿನಂತೆ ಗುಡ್ ಮಾರ್ನಿಂಗ್ ಸರ್ ಎಂದಳು. ಅವಳು ತನ್ನ ಕಂಪ್ಯೂಟರಿನ ಫೈಲುಗಳನ್ನು ಒಂದೊಂದಾಗಿ ಫೋಲ್ಡರಿಗೆ ಹಾಕುತ್ತಿದ್ದಳು, ಯಾವುದು ಎಲ್ಲಿದೆ ಎಂದು ಪಟ್ಟಿಯನ್ನೂ ಮಾಡುತ್ತಿದ್ದಳು. ಅಚ್ಚುಕಟ್ಟಾದ ಪಟ್ಟಿ, ಅದನ್ನು ಕಲಿಸಿದವನೂ ತಾನೇ ಎಂದು ಅವನಿಗೆ ಹೆಮ್ಮೆಯಾಯಿತು, ಹೆಮ್ಮೆ ಬಂದ ಸಮಯ ಸರಿಯಿಲ್ಲವೆಂದೂ ಅನ್ನಿಸಿತು. ಮೇಡಂ ಹನ್ನೊಂದಕ್ಕೆ ಬಂದಳು. ಬಂದ ಕೂಡಲೇ ಒಳಗೆ ಹೋಗುವುದು ಚೆಂದವಲ್ಲ, ಕಾಫಿ ಕುಡಿಯಲಿ. ಹನ್ನೊಂದೂವರೆಗೆ ಲಂಡನ್ನಿನ ಫೋನು. ಹನ್ನೆರಡೂವರೆಗೆ ಹಸೀನ ನಮಾಜಿಗೆ ಹೋದಳು. ಅವಳಿಲ್ಲದಾಗ ಅವಳ ವಿಷಯ ಮಾತಾಡುವುದು ಹೇಗೆ? ಊಟಕ್ಕೆ ಮಾರ್ಟಿನಾ ಕಟ್ಟಿಕೊಟ್ಟ, ಇಡ್ಲಿಯಂಥ ಸನ್ನಗಳಲ್ಲಿ ಎರಡನ್ನು ಹಸೀನಳ ತಟ್ಟೆಗೆ ಹಾಕಿದ. ಥ್ಯಾಂಕ್ಸ್ ಸರ್ ಎಂದು ತಿಂದಳು. ಮೆಹರುನ್ನಿಸ ಹೇಗಿದ್ದಾಳೆ ಎಂದು ಕೇಳಬೇಕೆಂದು ಬಾಯಿ ತೆರೆದು, ಎಸಿ ಜಾಸ್ತಿಯಾಯಿತಾ ಎಂದು ಕೇಳಿದ. ಇಲ್ಲ ಎಂದಳು.

ಎರಡೂವರೆಗೆ ತಿಲಕ್ ಬಂದ. ಉಡುಪಿಯ ಕಡೆಯವನು, ಮೂವತ್ತು ದಾಟದ ಚುರುಕಿನ ಮನುಷ್ಯ. ಯಾರ ವೀಸಾ ಬಂದರೂ ಯಾರ ವೀಸಾ ಹೋದರೂ ಅವನ ಕೈಯಲ್ಲಿ ಅದೇ ಪ್ಲಾಸ್ಟಿಕ್ ಫೋಲ್ಡರು. ಅವನು ಹಸೀನಳಿಂದ ಎರಡು ಪಾಸ್‌ಪೋರ್ಟ್ ತೆಗೆದುಕೊಂಡು ಫೋಟೊ ತಾಳೆ ನೋಡಿದ. ಚಿಕ್ಕ ಪಾಸ್‌ಪೋರ್ಟಿನಲ್ಲಿ ಹುಡುಗಿ ಮುಂದಿನ ಹಲ್ಲಿಲ್ಲದ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ತಿಲಕ್ ಜುವಾಕಿಂನ ಕಡೆ ತಿರುಗಿ, ಎಂತ ಮಾಡುದು ಸರ್, ಮೇಡಂ ಹೇಳಿದ್ದು, ಸಂಜೆಯೊಳಗೆ ಖಲಾಸ್ ಆಗ್ಬೇಕಂತೆ ಎಂದ. ಆಗ ಜುವಾಕಿಂ ಎದ್ದ. ಧೈರ್ಯ ಬಂತು ಎನ್ನುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಇನ್ನು ಕೂತಿರಲು ಆಗಲಿಲ್ಲ, ಅಷ್ಟೆ. ಒಂದು ಗಳಿಗೆ ನಿಲ್ಲು, ಟೈಪಿಂಗ್ ಸೆಂಟರಿಗೆ ಹೋಗಬೇಡ ಎಂದು ತಿಲಕ್‌ಗೆ ಹೇಳಿ ಮೇಡಂನ ಬಾಗಿಲು ತಟ್ಟಿದ. ತನ್ನ ವೀಸಾ, ಅದರ ಮೇಲಿರುವ ಮಾರ್ಟಿನಾಳ ವೀಸಾ, ಮಿರ್ದಿಫ್‌ನ ಮನೆ, ಐವತ್ತೇಳು ಎಂಬ ಸಂಖ್ಯೆ ಎಲ್ಲವೂ ತಲೆಯಲ್ಲಿ ಸಾಲಾಗಿ ನಿಂತವು. ಆದರೂ ಒಳಗೆ ಹೋದ.

ಮಿಸೆಸ್ ಹಾಲ್ಡೇನ್ ಕನ್ನಡಕ ತೆಗೆದು, ಕುಳಿತುಕೋ ಎಂದಳು. ಅವನು ನಿಂತೇ ಎಲ್ಲ ಹೇಳಿದ. ಗಿಡಿಯನ್ ಎಂಬ ಹೆಸರು ಹಾಕಿದವನು ತಾನು, ಪುಟದ ನಂಬರನ್ನು ಮೇಲಿನ ಸಾಲಿನಿಂದ ಇಳಿಸು ಎಂದವನು ತಾನು, ಹಸೀನ ಕೇಳಿದ್ದಳು, ಅವಳದು ಬೆರಳು ಮಾತ್ರ. ಹೇಳುವಾಗ ಅವನ ಇಂಗ್ಲಿಷ್ ಎಂದಿಗಿಂತ ಚೆನ್ನಾಗಿತ್ತು. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದಳು, ಅವಳ ಮುಖ ಮೃದುವಾಗುತ್ತ ಬಂತು.

“ನೀನು ಬರುತ್ತೀಯ ಅಂತ ನನಗೆ ಗೊತ್ತಿತ್ತು,” ಎಂದಳು. “ನಿಮ್ಮ ಕರಾವಳಿಯ ಜನ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ.”

ಹಾಗಲ್ಲ, ಇದು ನಿಜ ಎಂದು ಅವನು ಹೇಳಿದ. ಹದಿನೇಳು ವರ್ಷ ದಾಖಲೆ ನೋಡಿಕೊಂಡ ನಿನ್ನಂಥ ಮನುಷ್ಯ ಆಧಾರವಿಲ್ಲದೆ ಹೆಸರು ಬರೆಸುತ್ತಾನೆಂದು ಯಾರು ನಂಬುತ್ತಾರೆ ಎಂದು ಅವಳು ಕೇಳಿದಳು. ಯಾವ ಕಾಗದ ನೋಡಿ ಗಿಡಿಯನ್ ಎಂದೆ? ಕಾಗದವಲ್ಲ, ಪದ್ಧತಿ ಎಂದ. ಚೊಚ್ಚಲ ಮಗನಿಗೆ ಅಜ್ಜನ ಹೆಸರಿಡುವ ತನ್ನ ಊರಿನ ಕ್ರಮವನ್ನು ವಿವರಿಸಿದ. ಅವಳು ಆಸಕ್ತಿಯಿಂದಲೇ ಕೇಳಿ, ಮೇಜಿನ ಮೇಲೆ ಸ್ವಲ್ಪ ಮುಂದೆ ಬಾಗಿದಳು.

“ಹಾಗಾದರೆ ನಿನ್ನ ದೊಡ್ಡ ಮಗನಿಗೆ ನಿನ್ನ ಅಪ್ಪನ ಹೆಸರು?”

“ಇಲ್ಲ,” ಎಂದ ಜುವಾಕಿಂ. “ಕ್ಲೈವ್.”

“ನಿನ್ನ ಅಪ್ಪನ ಹೆಸರು?”

ಅವನು ಹೇಳಿದ. ಮಿಸೆಸ್ ಹಾಲ್ಡೇನ್ ಬೆನ್ನು ಹಿಂದಕ್ಕೆ ಆನಿಸಿ ನಕ್ಕಳು. ಅದು ಕುಹಕದ ನಗೆಯಲ್ಲ, ಅದೇ ಕಷ್ಟ. ನೀನು ಒಳ್ಳೆಯವನು, ಆದರೆ ಸುಳ್ಳು ಹೇಳಲು ಬರುವುದಿಲ್ಲ ಎಂದಳು. ನಿನ್ನೆ ಹಾಳೆಯನ್ನು ಹಸೀನಳ ಮುಂದಿಟ್ಟು ಈ ಸಹಿ ನಿನ್ನದೇ ಎಂದು ಕೇಳಿದೆ, ಹೌದು ಎಂದಳು, ನಂಬರನ್ನು ಮೇಲಿನ ಸಾಲಿನಿಂದ ಹಾಕಿದ್ದು ನೀನೇ ಎಂದು ಕೇಳಿದೆ, ಹೌದು ಎಂದಳು, ಬರೆದುಕೊಟ್ಟಿದ್ದಾಳೆ. ನಿನ್ನ ಹೆಸರನ್ನು ಅವಳು ಎತ್ತಲಿಲ್ಲ, ಅವಳಿಗೂ ಒಂದು ಗೌರವವಿದೆ. ಆಮೇಲೆ ಆಕೆ ಮುಂದಿನ ವಾರ ಬರುವ ಉಪ್ಪಿನ ಬಟ್ಟಲುಗಳ ವಿಷಯ ತೆಗೆದಳು. ಅವುಗಳನ್ನು ಮಾಡಿದವಳು ಒಬ್ಬ ವಿಧವೆ, ತುಂಬಾ ಕುತೂಹಲದ ವಿಷಯ ಎಂದಳು. ಜುವಾಕಿಂ ಇನ್ನೊಮ್ಮೆ ಹೇಳಿದ, ಜೋರಾಗಿ ಹೇಳಿದ, ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದ. ಬರೆದುಕೊಡು ಎಂದಳು, ನಿನ್ನ ಫೈಲಿನಲ್ಲಿ ಇಡುತ್ತೇನೆ, ಒಳ್ಳೆಯ ಮಾತುಗಳು ಫೈಲಿನಲ್ಲಿದ್ದರೆ ಯಾವಾಗಲೂ ಒಳ್ಳೆಯದೇ. ಅವನು ಅಲ್ಲೇ ನಿಂತು ಬರೆದ. ಅವಳು ಅದನ್ನು ಓದಿ, ನಿಟ್ಟುಸಿರು ಬಿಟ್ಟು, ಡ್ರಾಯರಿಗೆ ಹಾಕಿದಳು. ಬಾಗಿಲಿನ ಹತ್ತಿರ ಬಂದಾಗ ಎದೆಯಲ್ಲಿ ಏನೋ ಸಡಿಲಾದದ್ದು ಅವನಿಗೆ ಗೊತ್ತಾಯಿತು. ದುಃಖವಿರಬೇಕೆಂದು ನೋಡಿದರೆ ಅದು ನಿರಾಳ. ಮಿರ್ದಿಫ್‌ನ ಮನೆ ಇದೆ, ಮಾರ್ಟಿನಾಳ ವೀಸಾ ಇದೆ, ತಾನು ನಿಜವನ್ನೂ ಹೇಳಿಯಾಗಿದೆ. ಇಷ್ಟು ಹೊಲಸು ಮನುಷ್ಯ ತಾನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಿಲಕ್ ಒಳಗೆ ಹೋಗಿ ಕೇಳಿ ಬಂದು, ಫೋಲ್ಡರು ಹಿಡಿದು ಮೆಟ್ಟಿಲಿಳಿದ. ಹಸೀನ ಮೇಜನ್ನು ಒರೆಸಿ ಮುಗಿಸಿದ್ದಳು. ಡಬ್ಬಿ, ನಮಾಜಿನ ಚಾಪೆ, ಮಗಳು ಬಿಡಿಸಿದ ಒಂದು ಒಂಟೆಯ ಚಿತ್ರ, ಒಂದು ಗಿಡದ ಕುಂಡ ಎಲ್ಲವೂ ಎರಡು ಚೀಲಗಳಲ್ಲಿ ಹಿಡಿದಿದ್ದವು. ಅವಳು ಲಿಫ್ಟಿನ ಕಡೆ ಹೋದಾಗ ಅವನು ಹಿಂದೆ ಹೋದ. ಚೀಲ ಕೊಡು ಎಂದ, ಬೇಡ ಎಂದಳು. ತಾನು ಒಳಗೆ ಹೋಗಿ ಎಲ್ಲ ಹೇಳಿದೆ, ಒಂದೂ ಬಿಡದೆ ಹೇಳಿದೆ, ಬರೆದೂ ಕೊಟ್ಟೆ, ಅವರು ನಂಬುವುದಿಲ್ಲ ಮಾರಾಯ್ತಿ ಎಂದ. ಅವನ ದನಿ ಅವನಿಗೇ ದೂರು ಹೇಳುವ ಮಕ್ಕಳ ದನಿಯಂತೆ ಕೇಳಿಸಿತು. ಹಸೀನ ತಲೆಯಾಡಿಸಿದಳು. ಕೋಪವಿರಲಿಲ್ಲ, ಆಧಾರದ ಕಾಲಮ್ಮಿಗೆ ಬಂದಾಗ ನೋಡಿದ್ದ ಹಾಗೆಯೇ ಒಂದು ಕ್ಷಣ ಅವನ ಮುಖ ನೋಡಿದಳು.

“ಸೋಮವಾರ ಹೇಳಿದ್ದಿದ್ರೆ ನಂಬ್ತಿದ್ರು ಸರ್,” ಎಂದಳು.

ಅವಳ ಎರಡೂ ಕೈ ತುಂಬಿದ್ದವು. ಲಿಫ್ಟಿನ ಗುಂಡಿ ಒತ್ತಿ ಎಂದು ಕೇಳಿದಳು. ಅವನು ಒತ್ತಿದ.